ಮಗುಚಿ ಮಲಗಿದ ಜೇಡ

ಕಳೆದ ವಾರ ನಾನೊಂದು ಜೀವವನ್ನು ಸತ್ತಿದೆ ಎಂದುಕೊಂಡು ಹೂಳಿದೆ. ಅದು ಸತ್ತಿರಲಿಲ್ಲ.

ಲಿಂಗರಾಜಪುರದಲ್ಲಿ ನಮ್ಮ ಮೇಲಿನ ಫ್ಲ್ಯಾಟಿನ ನಿಶಾ ಒಂದು ಟರಂಟುಲಾ ಜೇಡ ಸಾಕಿದ್ದಾಳೆ. (ನಾಯಿ ಸಾಕಬಾರದೆಂದು ಓನರ್ ಷರತ್ತು. ಜೇಡದ ಬಗ್ಗೆ ಅವರಿಗೆ ಹೊಳೆದಿರಲಿಕ್ಕಿಲ್ಲ.) ಟರಂಟುಲಾ ಎಂದರೆ ಅಂಗೈಯಗಲದ ರೋಮದ ರಾಕ್ಷಸ ಎಂದುಕೊಂಡಿದ್ದೆ. ಇದು ಎಲ್ಲೋ ಉಷ್ಣವಲಯದ ಕಾಡಿನ ಅಪರೂಪದ ಕುಲವಂತೆ. ಬೆಳೆದರೂ ರೂಪಾಯಿ ನಾಣ್ಯದಷ್ಟೇ.

"ಆಂಟಿ, ನಾಲ್ಕೇ ದಿನ ಊರಿಗೆ ಹೋಗ್ಬರ್ತೀನಿ. ಮುಚ್ಚಳದಲ್ಲಿ ನೀರಿರ್ಲಿ, ಸಾಕು. ಐದು ವರ್ಷದಿಂದ ನನ್ ಜೊತೆ ಇದೆ, ಹುಷಾರು," ಎಂದು ಡಬ್ಬಿ ಕೊಟ್ಟು ಹೋದಳು.

ಮೂರನೆಯ ದಿನ ಮಧ್ಯಾಹ್ನ ಅದು ಅಂಗಾತ ಬಿದ್ದಿತ್ತು. ಎಂಟೂ ಕಾಲು ಮೇಲೆ. ಪೆನ್ಸಿಲ್ ತುದಿಯಿಂದ ಡಬ್ಬಿ ತಟ್ಟಿದೆ. ಅಲುಗಲಿಲ್ಲ. ಅರ್ಧ ಗಂಟೆ ನೋಡಿದೆನೆಂದು ನನ್ನ ನೆನಪು. ಆದರೆ ಒಲೆಯ ಮೇಲಿಟ್ಟಿದ್ದ ಹಾಲು ಆಗಿನ್ನೂ ಉಕ್ಕಿರಲಿಲ್ಲ!

ಟಿಶ್ಯೂನಲ್ಲಿ ಸುತ್ತಿ, ಟೆರೇಸಿನ ದಾಸವಾಳದ ಕುಂಡದಲ್ಲಿ ಎರಡು ಬೆರಳಿನ ಆಳಕ್ಕೆ ಹೂಳಿದೆ. ಸಂಜೆ ಧೈರ್ಯ ಮಾಡಿ ನಿಶಾಗೆ ಫೋನ್ ಮಾಡಿದೆ.

"ಬೆನ್ನ ಮೇಲೆ ಮಲಗಿತ್ತಾ?" ಎಂದಳು.

"ಹೂಂ."

"ಅಯ್ಯೋ ಆಂಟಿ! ಸತ್ರೆ ಕಾಲು ಒಳಕ್ಕೆ ಮುದುರ್ಕೊಳ್ಳತ್ತೆ. ಮಗುಚಿ ಮಲಗೋದು ಪೊರೆ ಬಿಡೋಕೆ. ಮೈಯೆಲ್ಲಾ ಮೆತ್ತಗಿರುತ್ತೆ ಆಗ. ಮಣ್ಣು ಒತ್ತಿದ್ರಾ?"

"ಇಲ್ಲಮ್ಮ," ಎಂದೆ. ಯೋಚಿಸಲೇ ಇಲ್ಲ.

ಟೆರೇಸಿಗೆ ಓಡಿದೆ. ಕುಂಡದ ಮಣ್ಣಿನ ಮೇಲೆ ಒಂದು ಅಂಗೈ ಅಚ್ಚಾಗಿತ್ತು. ಐದೂ ಬೆರಳು, ನನ್ನ ಉಂಗುರದ ಗುರುತು ಸಮೇತ. ಎಲ್ಲೂ ಒಂದು ಬಿರುಕಿಲ್ಲ.

ಚಮಚದಿಂದ ಮೆಲ್ಲಗೆ ಕೆದಕಿದೆ. ಟಿಶ್ಯೂ ಹರಿದಿತ್ತು. ಒಳಗೆ ಅದೇ ಜೇಡ: ಅದೇ ರೋಮ, ಅದೇ ಹಲ್ಲು. ಬಗ್ಗಿದೆ. ನನ್ನ ಉಸಿರಿಗೇ ಅದು ತೇಲಿತು. ಬೆನ್ನಿನ ಮೇಲೊಂದು ಮುಚ್ಚಳ ತೆರೆದುಕೊಂಡಿತ್ತು. ಒಳಗೆ ಯಾರೂ ಇರಲಿಲ್ಲ.

ಹಾಗಾದರೆ ಅದೆಲ್ಲಿ?

ನನ್ನ ಎಡಗೈ ಇನ್ನೂ ಮಣ್ಣಿನಲ್ಲಿತ್ತು. ಮಣಿಕಟ್ಟಿನ ಮೇಲೆ ಏನೋ ಹೆಜ್ಜೆಯಿಟ್ಟಿತು. ಭಾರವೇ ಇಲ್ಲದ ಹೆಜ್ಜೆ. ನೋಡಿದರೆ, ಹಾಲಿನಂತೆ ಬಿಳಿಚಿದ ಪುಟ್ಟ ಮೈ. ಕಿರುಚಲಿಲ್ಲ. ಎಣಿಸಿದೆ. ಏಳು ಕಾಲು.

ಮರುದಿನ ನಿಶಾ ಬಂದು ಡಬ್ಬಿಯನ್ನು ಎದೆಗವಚಿಕೊಂಡು ಅತ್ತಳು. ಆಮೇಲೆ ನನ್ನನ್ನೇ ಸಮಾಧಾನ ಮಾಡಿದಳು. "ಕಾಲು ಮುಂದಿನ ಪೊರೆಗೆ ಮತ್ತೆ ಬರುತ್ತೆ ಬಿಡಿ ಆಂಟಿ. ನೀವು ಮಣ್ಣು ಒತ್ತದೇ ಇದ್ದಿದ್ದೇ ಪುಣ್ಯ."

ನಾನು ತಲೆಯಾಡಿಸಿದೆ.

ನಿಶಾ ಕನ್ನಡ ಪತ್ರಿಕೆ ಓದುವವಳಲ್ಲ. ನೀವೇನಾದರೂ ಹೇಳಿಬಿಡುತ್ತೀರಾ?