ಬಸ್ಸಿನಲ್ಲಿ ಬರುತ್ತಿದ್ದ ಬುತ್ತಿ

ಎಂಬತ್ತರ ದಶಕದ ನಡುವಿನಲ್ಲಿ ನಿಪ್ಪಾಣಿಯ ಒಂದು ತಂಬಾಕಿನ ವಖಾರಿಯಲ್ಲಿ ಕಾರಕೂನನಾಗಿ ಸೇರಿಕೊಂಡೆ. ಪಗಾರ ಸಣ್ಣದು. ಅದರಲ್ಲೇ ಖೋಲಿ ಬಾಡಿಗೆ, ಮನೆಗೆ ಕಳಿಸುವುದು, ನನ್ನ ಹೊಟ್ಟೆ. ಗಡ್ಡದ ಬ್ಲೇಡನ್ನು ಗಾಜಿನ ಲೋಟದ ಒಳಗೋಡೆಗೆ ತಿಕ್ಕಿ ತಿಕ್ಕಿ ತಿಂಗಳುಗಟ್ಟಲೆ ಓಡಿಸುತ್ತಿದ್ದೆ. ಪೇಪರನ್ನು ಕ್ಷೌರದ ಅಂಗಡಿಯ ಬಾಕಿನ ಮೇಲೆ ಕೂತು ಓದುತ್ತಿದ್ದೆ. ಎಷ್ಟು ಹಿಡಿತ ಮಾಡಿದರೂ ಖಾನಾವಳಿಯ ಊಟವೇ ಪಗಾರದ ದೊಡ್ಡ ಪಾಲನ್ನು ನುಂಗುತ್ತಿತ್ತು.

ಅದಕ್ಕೆ ಅವ್ವ ದಾರಿ ಹುಡುಕಿದಳು. ನಮ್ಮೂರು ರಾಯಬಾಗ ತಾಲೂಕಿನದು. ಊರ ದಾರಿ ದೊಡ್ಡ ರಸ್ತೆಗೆ ಕೂಡುವ ಫಾಟಾದಿಂದ ಬೆಳಿಗ್ಗೆ ಒಂದು ಬಸ್ಸು ಚಿಕ್ಕೋಡಿ ಮೇಲೆ ಹಾದು ಮಧ್ಯಾಹ್ನದ ಹೊತ್ತಿಗೆ ನಿಪ್ಪಾಣಿ ಸೇರುತ್ತಿತ್ತು. ಅವ್ವ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಝುಣಕ ಕಟ್ಟಿ ಕೊಡುವುದು, ಅಪ್ಪ ಫಾಟಾಕ್ಕೆ ನಡೆದು ಹೋಗಿ ಬಸ್ಸಿಗೆ ಹಾಕುವುದು, ನಾನು ಸ್ಟ್ಯಾಂಡಿನಲ್ಲಿ ಇಳಿಸಿಕೊಳ್ಳುವುದು. ಕಂಡಕ್ಟರು ಅದಕ್ಕೇನೂ ತೆಗೆದುಕೊಳ್ಳುತ್ತಿರಲಿಲ್ಲ. ಬುತ್ತಿಯನ್ನು ತಮ್ಮ ಸೀಟಿನ ಕೆಳಗೆ ಇಟ್ಟುಕೊಂಡು ಬರುತ್ತಿದ್ದರು. ಆ ಒಂದೇ ಬುತ್ತಿಯಲ್ಲಿ ನನ್ನ ಎರಡೂ ಹೊತ್ತಿನ ಊಟ ಆಗುತ್ತಿತ್ತು.

ಅವ್ವನ ಗಂಟೆಂದರೆ ಹಲ್ಲು ಹಚ್ಚಿಯೇ ಬಿಚ್ಚಬೇಕು. ಆದರೆ ಕೆಲವು ದಿನಗಳಿಂದ ಗಂಟು ಬೆರಳು ಹಾಕಿದರೆ ಸಾಕು, ತಾನೇ ಬಿಚ್ಚಿಕೊಳ್ಳುತ್ತಿತ್ತು. ರೊಟ್ಟಿಗಳೂ ಒಂದರ ಮೇಲೊಂದು ನೆಟ್ಟಗಿರದೆ ಯಾರೋ ಎತ್ತಿ ಇಟ್ಟಂತೆ ವಾರೆಯಾಗಿರುತ್ತಿದ್ದವು. ಬಸ್ಸು ಕುಲುಕಿ ಹೀಗಾಗಿರಬೇಕು ಅಂದುಕೊಂಡೆ.

ಒಂದು ರವಿವಾರ ಊರಿಗೆ ಹೋದಾಗ ಅವ್ವ ಕೇಳಿದಳು. "ಬೆಣ್ಣಿ ಹೆಂಗಿರ್ತೈತೋ? ಬಿಸಲಿಗೆ ಕರಗೂದಿಲ್ಲಲಾ?"

"ಯಾವ ಬೆಣ್ಣಿ?"

ಅವ್ವನ ಕೈ ಹಿಟ್ಟಿನಲ್ಲೇ ನಿಂತಿತು. "ಬಾಳಿ ಎಲಿಯಾಗ ಸುತ್ತಿ ನಡುವಿನ ರೊಟ್ಟ್ಯಾಗ ಇಡ್ತೀನಲೋ! ಎಮ್ಮಿ ಈದಾಗಿಂದ ದಿನಾ ಇಡ್ತೀನಿ!"

ಅಪ್ಪ ಅಲ್ಲೇ ಕಟ್ಟೆಯ ಮೇಲೆ ಎಮ್ಮೆಯ ಹಗ್ಗ ಹೊಸೆಯುತ್ತಿದ್ದ. ತಲೆ ಎತ್ತದೆ ಹೇಳಿದ, "ಬಸ್ಸಿನ ಮಂದೀನ ಹೆಂಗ ನಂಬೂದು?"

ಅಷ್ಟು ಸಾಕಾಯಿತು. ಮರುದಿನದಿಂದ ನನ್ನ ಕಣ್ಣೆಲ್ಲ ಕಂಡಕ್ಟರರ ಮೇಲೆ. ಬುತ್ತಿ ಕೊಡುವಾಗ ಅವರ ಬೆರಳು ನೋಡುತ್ತಿದ್ದೆ, ಮೀಸೆ ನೋಡುತ್ತಿದ್ದೆ. ಒಂದು ದಿನ ಅವರ ಅಂಗಿಯ ತೋಳಿನ ಮೇಲೆ ಜಿಡ್ಡಿನ ಕಲೆ ಕಂಡಿತು. ಅದು ಬಸ್ಸಿನ ಬಾಗಿಲಿನ ಗ್ರೀಸೂ ಆಗಿರಬಹುದಿತ್ತು. ನನಗೆ ಮಾತ್ರ ಬೆಣ್ಣೆಯಾಗಿಯೇ ಕಂಡಿತು. ಸ್ಟ್ಯಾಂಡಿನಲ್ಲೇ ಗಂಟು ತೋರಿಸಿ ಕೇಳಿಬಿಟ್ಟೆ.

"ಸಾಹೇಬ್ರ, ಇದನ್ನ ದಾರ್ಯಾಗ ಯಾರ ಬಿಚ್ಚಾಕತ್ತಾರ?"

ಅವರು ಟಿಕೆಟ್ ಚೀಲವನ್ನು ಹೆಗಲಿಗೆ ಏರಿಸಿಕೊಂಡು ನನ್ನನ್ನೇ ನೋಡಿದರು. ಇಳಿಯುತ್ತಿದ್ದವರು ನಿಂತರು.

"ನಾ ತಿಂತೀನಂತಿ ಏನ್ ತಮ್ಮಾ?"

"ಹಂಗಲ್ರಿ..."

"ಮತ್ತ ಹೆಂಗ? ಪುಕಟ ಹೊತ್ಕೊಂಡ ಬರಾವನ್ನ ಕಳ್ಳ ಮಾಡಿದಿ." ಸಿಟ್ಟಿನಲ್ಲಿ ಎರಡು ಮಾತು ಮರಾಠಿಯಲ್ಲಿ ಬೈದರು. ಆಮೇಲೆ ದನಿ ತಗ್ಗಿಸಿ ಅಂದರು, "ನಾಳಿ ನಮ್ಮ ಬಸ್ ಬರೂಕಿಂತ ಮೊದಲ ನಿಮ್ಮ ಫಾಟಾಕ್ಕ ಹೋಗಿ ನಿಂದರು. ಆಮ್ಯಾಲ ನನ್ನ ಕೂಡ ಮಾತಾಡು."

ಇದು ತಪ್ಪಿಸಿಕೊಳ್ಳುವ ಆಟ ಎಂದೇ ನನ್ನ ಲೆಕ್ಕ. ಆದರೂ ಅರ್ಧ ದಿನದ ರಜೆ ಹಾಕಿ, ಮರುದಿನ ನಸುಕಿನ ಬಸ್ಸು ಹಿಡಿದೆ.

ಫಾಟಾದಲ್ಲಿ ಒಂದೇ ಒಂದು ಚಹಾದ ಅಂಗಡಿ. ರಸ್ತೆಯ ಆ ಬದಿ ಕಬ್ಬಿನ ಟ್ರ್ಯಾಕ್ಟರೊಂದು ನಿಂತಿತ್ತು. ನಾನು ಅದರ ಮರೆಯಲ್ಲಿ ನಿಂತೆ. ಸ್ವಲ್ಪ ಹೊತ್ತಿಗೆ ಅಪ್ಪ ಬಂದ. ಬಾಕಿನ ಮೇಲೆ ಕೂತ. ಅತ್ತಿತ್ತ ನೋಡಿ ಬುತ್ತಿಯನ್ನು ತೊಡೆಯ ಮೇಲಿಟ್ಟುಕೊಂಡು ಗಂಟು ಬಿಚ್ಚಿದ. ನಡುವಿನ ರೊಟ್ಟಿ ಎತ್ತಿ ಬಾಳೆ ಎಲೆಯ ಪೊಟ್ಟಣ ತೆಗೆದು ಅಂಗಡಿಯವನಿಗೆ ಕೊಟ್ಟ. ಅಂಗಡಿಯವನು ಅದನ್ನು ಒಳಗಿಟ್ಟು, ಏನೂ ಕೇಳದೆ ಚಹಾ ಸೋಸಿ ಮುಂದಿಟ್ಟ. ಜೊತೆಗೆ ಒಂದು ಬೀಡಿ ಕಟ್ಟು.

ಕಂಡಕ್ಟರರ ಬೆರಳು, ಮೀಸೆಗಳನ್ನೂ ಸಂಶಯದಿಂದ ನೋಡಿದ್ದೆ, ಅಪ್ಪನನ್ನು ಮಾತ್ರ ನೋಡಿರಲಿಲ್ಲ. ಹೋಗಿ ಎದುರು ನಿಂತೆ. ಅಪ್ಪನ ಬಸಿಯಲ್ಲಿದ್ದ ಚಹಾ ತುಳುಕಿತು. ಮೊದಲು ಅವನು ಕೇಳಿದ್ದು ನನ್ನನ್ನೇ.

"ನೀ ಯಾಕ ಬಂದಿ? ಕೆಲಸದಿಂದ ತಗದಾರೇನು?"

"ಇಲ್ಲ. ಬೆಣ್ಣಿ ಎಲ್ಲಿ ಹೊಕ್ಕೈತಿ ಅಂತ ನೋಡಾಕ ಬಂದೆ."

ಅಪ್ಪ ಬಸಿ ಕೆಳಗಿಟ್ಟ. "ನಿನ್ನ ಬೆಣ್ಣಿಗಿಷ್ಟ ಬಿಟ್ಟ ಉಳದ ಹಾಲೆಲ್ಲಾ ಡೇರಿಗೆ, ಡೇರಿ ರೊಕ್ಕ ನಿಮ್ಮವ್ವನ ಕೈಗೆ. ನಾ ಚಾಕ್ಕ ಕೇಳಿದ್ರ ಏನ ಖರ್ಚು, ಯಾಕ ಖರ್ಚು ಅಂತ ಪೊಲೀಸ್ರಂಗ ವಿಚಾರಸ್ತಾಳ. ನಾನೂ ಖರ್ಚಿಲ್ಲದಂಗ ನೋಡ್ಕೊಂಡೀನಿ. ನೀ ಒಬ್ಬಾವನ ಉಳಸಾವ ಅಂತ ತಿಳದಿ ಏನು?"

ಅಷ್ಟರಲ್ಲಿ ಬಸ್ಸು ಬಂತು. ಬಾಗಿಲಲ್ಲಿ ನಿಂತಿದ್ದ ಕಂಡಕ್ಟರು ನಮ್ಮಿಬ್ಬರನ್ನೂ, ತೊಡೆಯ ಮೇಲೆ ಬಿಚ್ಚಿಕೊಂಡಿದ್ದ ಬುತ್ತಿಯನ್ನೂ ನೋಡಿದರು. "ಇವತ್ತ ಬುತ್ತಿ ಜೋಡಿ ಮಾಲಕರೂ ಬಂದಾರ. ಟಿಕೆಟ್ ತಗಸ್ರಿ," ಅಂದರು. ಹೋಗಿ ಬರುವ ಬಸ್ಸಿನ ಹಣದಲ್ಲಿ ಖಾನಾವಳಿಯಲ್ಲಿ ಸಿಹಿಯೂಟ ಮಾಡಬಹುದಿತ್ತು. ಚಿಕ್ಕೋಡಿ ದಾಟಿದ ಮೇಲೆ ಅವರ ಸೀಟಿನ ಹತ್ತಿರ ಹೋಗಿ ತಪ್ಪಾಯಿತೆಂದೆ. ಅವರು ಕಿಟಕಿಯ ಹೊರಗೆ ನೋಡುತ್ತ ತಲೆಯಾಡಿಸಿದರು. ಬುತ್ತಿ ತರುವುದನ್ನು ನಿಲ್ಲಿಸಲಿಲ್ಲ. ಆದರೆ ಅಂದಿನಿಂದ ಸ್ಟ್ಯಾಂಡಿನಲ್ಲಿ ಎಲ್ಲರೆದುರು ಗಂಟು ಬಿಚ್ಚಿಸಿ, "ಎಲ್ಲಾ ಬರೋಬರ ಐತಿಲ್ಲೋ ನೋಡ್ಕೋ" ಎಂದು ನನ್ನಿಂದ ಹೌದೆನ್ನಿಸಿಕೊಂಡೇ ಬಿಡುತ್ತಿದ್ದರು.

ಮುಂದಿನ ರವಿವಾರ ಅವ್ವ ಮತ್ತೆ ಕೇಳಿದಳು. "ಈಗ ಬೆಣ್ಣಿ ಬರಾಕತ್ತೈತಿಲ್ಲೋ?"

ಬುತ್ತಿಯಲ್ಲಿ ನಾನು ಬೆಣ್ಣೆಯ ಮುಖವನ್ನೇ ಕಂಡಿರಲಿಲ್ಲ. ಅಪ್ಪ ನನ್ನ ಕಡೆ ನೋಡಿದ.

"ಬರಾಕತ್ತೈತಿ ಬೇ. ಛಲೋ ಇರ್ತೈತಿ," ಅಂದೆ.

"ಎರಡ ದಿನದಿಂದ ನಾ ಬೆಣ್ಣಿ ಇಟ್ಟಽ ಇಲ್ಲ," ಅಂದಳು ಅವ್ವ. ನನ್ನ ಮುಖ ಬಿಟ್ಟು ಅಪ್ಪನ ಮುಖ ನೋಡಿದಳು. ಅಪ್ಪ ದಿನಾ ಬಸ್ಸು ಕಾಯುವುದು ಚಹಾದ ಅಂಗಡಿಯಲ್ಲೇ ಎಂಬುದು ಅವಳಿಗೆ ಗೊತ್ತಿತ್ತು. ಸೌಟನ್ನು ಗಡಿಗೆಯಲ್ಲಿ ಬಿಟ್ಟು ಕೇಳಿದಳು, "ಚಾಕ್ಕ ಬೇಕಾಗಿದ್ರ ಕೇಳಬಾರದಾಗಿತ್ತೇನು?"

"ಕೇಳಿದ್ರ ಕೊಡ್ತಿದ್ದೇನು?"

ಅವ್ವ ಯೋಚನೆ ಮಾಡಿ, "ಇಲ್ಲ," ಅಂದಳು.

ಮರುದಿನ ನಿಪ್ಪಾಣಿಗೆ ಹೊರಟಾಗ ಬುತ್ತಿ ನನ್ನ ಕೈಯಲ್ಲೇ ಇತ್ತು. ಅಪ್ಪ ಫಾಟಾದವರೆಗೂ ಬಂದ. ಬಸ್ಸಿಗೆ ಇನ್ನೂ ಹೊತ್ತಿತ್ತು. ನಾನೇ ಅವನಿಗೊಂದು ಚಹಾ ಹೇಳಿದೆ.

"ನಿಮ್ಮವ್ವ ಕೊಡಸಂದಾಳೇನು?" ಎಂದು ಕೇಳಿದ.

"ಇಲ್ಲಪ್ಪಾ, ನಾನ ಕೊಡಸಾಕತ್ತೀನಿ."

ಬಸಿಗೆ ಸುರಿದುಕೊಂಡು ಒಂದು ಗುಟುಕು ಕುಡಿದ. ಆಮೇಲೆ ಅಂಗಡಿಯವನ ಕಡೆ ಓರೆಗಣ್ಣು ಹಾಕಿ, ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದ:

"ನೋಡು, ಇವತ್ತ ಸಕ್ಕರಿ ಕಡಿಮಿ ಹಾಕ್ಯಾನ."