ಅಕ್ಕ ನಿಂತ ಬೆಳಕಿನ ಪೆಟ್ಟಿಗೆ

ಅಕ್ಕನ ಜೊತೆ ಚಾಮರಾಜನಗರದ ಆಸ್ಪತ್ರೆಗೆ ನಾನು ಹೋಗಲಿಲ್ಲ. ಅವಳ ಮೈಮೇಲೆ ಸೋರಿಯಾಸಿಸ್ ಹುರುಪೆ ಎದ್ದಿತ್ತು. ಅಲ್ಲಿ ಬೆಳಕು ಕೊಟ್ಟು ಗುಣಪಡಿಸುತ್ತಾರಂತೆ ಎಂದು ಅವಳು ಹೇಳಿದಾಗ, "ಬೆಳಕಿಗೆ ಬಸ್ ಅತ್ಬೇಕಾ? ಅರಿಶಿನ ಒಣಗಾಕಿರೋ ಕಣದಲ್ಲಿ ಕೂತ್ಕೊ ಓಗಕ್ಕ" ಎಂದುಬಿಟ್ಟೆ. ನಂಬಿ ಕೂತಳು. ಮೈ ಸುಟ್ಟು ಬೊಬ್ಬೆ ಎದ್ದಿತು, ಹುರುಪೆ ಇನ್ನಷ್ಟು ಹರಡಿತು.

ಆಮೇಲೆ ನಮ್ಮೂರು ತೆರಕಣಾಂಬಿಯಿಂದ ಅವಳೊಬ್ಬಳೇ ವಾರ ವಾರವೂ ಆಸ್ಪತ್ರೆಗೆ ಓಡಾಡಿದಳು. ಬಂದವಳೇ ಸೆರಗು ಸರಿಸಿ, "ನೋಡ್ಲಾ, ಇವತ್ತೊಂದ್ ಚೂರು ಕಮ್ಮಿ" ಎನ್ನುತ್ತಿದ್ದಳು. ನಾನು ಮುಖ ತಿರುಗಿಸುತ್ತಿದ್ದೆ. ಒಂದು ದಿನ ಮೊಳಕೈಯನ್ನು ನನ್ನ ಮೂಗಿನ ಮುಂದೆಯೇ ಹಿಡಿದಳು. ಅಬ್ಬಾ, ನುಣುಪಾಗಿತ್ತು!

ಮುಂದಿನ ಸಲ ನಾನೂ ಬಸ್ ಹತ್ತಿದೆ. ಆಸ್ಪತ್ರೆಯಲ್ಲಿ ಬೀರುವಿನಂಥ ಪೆಟ್ಟಿಗೆ, ಒಳಗೆಲ್ಲ ಉದ್ದುದ್ದ ದೀಪ! ಅಕ್ಕ ಕಪ್ಪು ಕನ್ನಡಕ ಹಾಕಿಕೊಂಡು, "ಎಂಗಿವ್ನಿ ಯೋಳ್ಲಾ, ಈರೋಯಿನ್ ತರ?" ಎಂದು ನಗುತ್ತಾ ಒಳಗೆ ನಿಂತಳು.

ನರ್ಸಮ್ಮ ನನಗೆ ವಿವರಿಸಿದರು: "ಇವ್ರ ಚರ್ಮ ಆತುರ ಬಿದ್ದು ಪದರದ ಮೇಲೆ ಪದರ ಬೆಳೀತದೆ. ಈ ದೀಪದ ನೇರಳಾತೀತ ಕಿರಣ ಆ ಆತುರ ತಗ್ಗಿಸ್ತದೆ. ಬಿಸಿಲಲ್ಲೂ ಈ ಕಿರಣ ಅದೆ, ಆದ್ರೆ ಅದಕ್ಕೆ ಅಳತೆ ಇಲ್ಲ. ಇಲ್ಲಿ ಮೈ ತಡೆಯೋಷ್ಟೇ ಕೊಟ್ಟು, ನಿಧಾನಕ್ಕೆ ಏರಿಸ್ತೀವಿ."

ಅಕ್ಕ ಹೊರಗೆ ಬಂದು, "ಯಾಕ್ಲಾ ಇಂಗ್ ನಿಂತ್ಬುಟ್ಟೆ?" ಎಂದಳು.

ಸಾಲಿನಲ್ಲಿ ಕೂತವರಿಗೆಲ್ಲ ಕೇಳುವಂತೆ ಹೇಳಿದೆ: "ನಿನ್ನ ಬಿಸಿಲಲ್ಲಿ ಕೂರಿಸಿ ಸುಟ್ಬುಟ್ಟೆ. ತಪ್ಪಾಯ್ತು ಕಣಕ್ಕ."