ಡ್ರೈವರ್ ಚಾಚಾ ಮತ್ತು ಜೊಂಡು ಉಲಿಯಕ್ಕಿ

ಮೊನ್ನೆ ನಮ್ಮ ಓಣಿಯಲ್ಲಿ ಯಾರೋ ಮನೆ ಕಟ್ಟಲು ನೆಲಕ್ಕೆ ಹಾಸುವ ಪರ್ಸಿ ಕಲ್ಲು ಕೊಯ್ಯುತ್ತಿದ್ದರು. ಬಿಸಿ ಕಲ್ಲಿಗೆ ನೀರು ಬಿದ್ದಾಗ ಏಳುವ ಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ಡ್ರೈವರ್ ಚಾಚಾ ನೆನಪಾದರು. ಶಹಾಬಾದಿನಲ್ಲಿ ಈ ವಾಸನೆಗೆ ಬರವಿಲ್ಲ. ಆದರೆ ಭಾದ್ರಪದದಲ್ಲಿ ಬಂದರೆ ಮಾತ್ರ ನನಗೆ ಅವರದೇ ನೆನಪು...

ನಾನು ಈ ಊರಿಗೆ ಸೊಸೆಯಾಗಿ ಬಂದಾಗ ಪಕ್ಕದ ಮನೆಯ ಚಾಚಾ ರೈಲು ಎಂಜಿನ್ ಓಡಿಸುವ ನೌಕರಿಯಿಂದ ನಿವೃತ್ತರಾಗಿದ್ದರು. ನಮ್ಮೆರಡೂ ಮನೆಗಳ ಹಿಂದೆ ಹಳೆಯ ಕಲ್ಲಿನ ಗಣಿ. ಅದರಲ್ಲಿ ನೀರು ನಿಂತು ಜೊಂಡು ಬೆಳೆದಿತ್ತು. ಮಳೆಗಾಲ ಇಳಿಯುವ ಹೊತ್ತಿಗೆ ಹಿಮಾಲಯದ ಕಡೆಯಿಂದ ಉಲಿಯಕ್ಕಿಗಳು ಅಲ್ಲಿಗೆ ಬರುತ್ತಿದ್ದವು. ಗುಬ್ಬಿಗಿಂತ ಚಿಕ್ಕವು, ಒಂದು ಗಳಿಗೆ ಒಂದೆಡೆ ನಿಲ್ಲುವುದಿಲ್ಲ. ಅವುಗಳಲ್ಲಿ ಯಾವುದು ಯಾವುದೆಂದು ಗುರುತಿಸುವುದು ಚಾಚಾನ ಹುಚ್ಚು. ಬಟ್ಟೆ ಒಣಹಾಕಲು ಮಾಳಿಗೆ ಹತ್ತುತ್ತಿದ್ದ ನನಗೂ ಅದು ಅಂಟಿತು.

ಎಂಜಿನ್ನಿನಲ್ಲಿ ಸಿಗ್ನಲ್ ಕಂಡ ಡ್ರೈವರ್ ಅದರ ಬಣ್ಣ ಕೂಗಿ ಹೇಳಬೇಕಂತೆ. ಜೊತೆಗಿರುವವನು ತಾನೂ ನೋಡಿ, ಅದನ್ನೇ ತಿರುಗಿ ಕೂಗಬೇಕಂತೆ. ಚಾಚಾ ಈ ಪದ್ಧತಿಯನ್ನು ಹಕ್ಕಿಗೂ ತಂದಿದ್ದರು. ಒಬ್ಬರು ಹೆಸರು ಕೂಗಬೇಕು, ಇನ್ನೊಬ್ಬರು ಒಪ್ಪಿದರೆ ತಿರುಗಿ ಕೂಗಬೇಕು. ಇಲ್ಲದಿದ್ದರೆ ಆ ಹಕ್ಕಿ ಬಂದ ಲೆಕ್ಕಕ್ಕೇ ಇಲ್ಲ. ವರ್ಷಗಳು ಕಳೆದರೂ ನಾನು ಕೂಗಿದ ಒಂದು ಹೆಸರನ್ನೂ ಚಾಚಾ ತಿರುಗಿ ಹೇಳಲಿಲ್ಲ. "ತಪ್ಪು ಅದ ಬೇಟಿ, ಇನ್ನೊಮ್ಮಿ ನೋಡು," ಅಷ್ಟೇ. ನಾನೋ ಮೊದಲೇ ಹಟಮಾರಿ. ಒಂದೇ ಒಂದು ಸಲ ಈ ಮನುಷ್ಯನ ಬಾಯಿಂದ ನನ್ನ ಮಾತು ತಿರುಗಿ ಬರಬೇಕೆಂದು ಒಳಗೊಳಗೇ ಕುದಿಯುತ್ತಿದ್ದೆ.

ಒಂದು ಬೆಳಿಗ್ಗೆ ಗಣಿಯ ದಂಡೆಯ ಬೇವಿನ ಟೊಂಗೆಗೆ ಒಂದು ಹಕ್ಕಿ ಬಂತು. ಕಲ್ಲಿನ ದೂಳು ಕೂತು ಎಲೆ, ಹಕ್ಕಿ ಎಲ್ಲ ಬೂದಿ ಬಣ್ಣ. ಹಸಿರೋ ಕಂದೋ ತಿಳಿಯದು. ರೆಕ್ಕೆಯ ಮೇಲೊಂದು ಬಿಳಿ ಗೆರೆ ಮಾತ್ರ ಕಾಣುತ್ತಿತ್ತು. ಹಸಿರು ಉಲಿಯಕ್ಕಿಗೆ ಆ ಗೆರೆಯೇ ಗುರುತು.

"ಹಸರ್ ಉಲಿಯಕ್ಕಿ," ಎಂದು ಪಕ್ಕದ ಮಾಳಿಗೆಯಿಂದ ಚಾಚಾ ಕೂಗಿದರು.

ನಾನು ತಿರುಗಿ ಕೂಗಲಿಲ್ಲ. ಹಕ್ಕಿ "ಟಕ್... ಟಕ್" ಎನ್ನುತ್ತಿತ್ತು, ನಾವು ನಾಲಿಗೆ ಲೊಟ್ಟೆ ಹೊಡೆದ ಹಾಗೆ. ಹಸಿರು ಉಲಿಯಕ್ಕಿ ಹಾಗೆ ಅನ್ನುವುದಿಲ್ಲ.

"ಅಲ್ರಿ ಚಾಚಾ, ಜೊಂಡು ಉಲಿಯಕ್ಕಿ ಅದ."

"ಗೆರಿ ಕಾಣ್ಲಿಕತ್ತದಲ್ಲ, ನಿನಗ ಕಣ್ಣಿಲ್ಲೇನು?"

"ನಿಮಗ ಕಿವಿ ಇಲ್ಲೇನ್ರಿ?"

ಅಂದಮೇಲೆ ನಾಲಿಗೆ ಕಚ್ಚಿಕೊಂಡೆ. ಅವರ ಮಾಳಿಗೆಯಲ್ಲೇ ಕೂತು ಜೋಳ ಹಸನು ಮಾಡುತ್ತಿದ್ದ ಚಾಚಿ ನಕ್ಕುಬಿಟ್ಟರು. "ಒಂದ್ ಗುಬ್ಬಿ ಸಲುವಾಗಿ ಏನ್ ಜಗಳಾಡ್ತೀರಿ?" ಅವರಿಗೆ ಎಲ್ಲ ಹಕ್ಕಿಯೂ ಗುಬ್ಬಿಯೇ.

ಅಷ್ಟರಲ್ಲಿ ಜಿಟಿಜಿಟಿ ಮಳೆ ಹಿಡಿದು, ಗಣಿಯ ಕಲ್ಲಿನಿಂದ ಆ ಹಸಿ ವಾಸನೆ ಎದ್ದಿತು. ಹಕ್ಕಿ ಒದ್ದೆ ಎಲೆಗಳಲ್ಲಿ ಮೈ ತಿಕ್ಕಿ ರೆಕ್ಕೆ ಝಾಡಿಸಿಕೊಂಡಿತು. ಬಿಳಿ ಗೆರೆ ಮಾಯ. ಅದು ಬರೀ ಕಲ್ಲಿನ ದೂಳು! ಉಳಿದದ್ದು ಜೊಂಡು ಉಲಿಯಕ್ಕಿಯ ಕಂದು ರೆಕ್ಕೆ. ಚಾಚಾ ಕಣ್ಣು ಕಿರಿದು ಮಾಡಿ ಇನ್ನೊಮ್ಮೆ ನೋಡಿದರು. ಆಮೇಲೆ ಎಂಜಿನ್ನಿನಲ್ಲಿ ನಿಂತವರಂತೆ ನೆಟ್ಟಗೆ ನಿಂತು, ಓಣಿಗೆಲ್ಲ ಕೇಳುವಂತೆ ಕೂಗಿದರು: "ಜೊಂಡು ಉಲಿಯಕ್ಕಿ!"

ನನ್ನ ಮದುವೆಯಲ್ಲೂ ನಾನು ಅಷ್ಟು ಬೀಗಿರಲಿಲ್ಲ. ಒಣಹಾಕಿದ ಬಟ್ಟೆಯೆಲ್ಲ ತೊಯ್ದುಹೋಯಿತು, ಹೋಗಲಿ ಬಿಡು ಅಂದುಕೊಂಡೆ.

ಚಾಚಾ ಈಗಿಲ್ಲ. ಮೊನ್ನೆ ಆ ವಾಸನೆಯ ನಡುವೆಯೇ ಬೇವಿನಿಂದ "ಟಕ್" ಎಂದು ಕೇಳಿತು. ಮಾಳಿಗೆಯಲ್ಲಿದ್ದ ನಾನು ತಡೆಯಲಾರದೆ ಹೆಸರು ಕೂಗಿಬಿಟ್ಟೆ. ತಿರುಗಿ ಕೂಗುವವರು ಎಲ್ಲಿದ್ದಾರೆ...

ಪಕ್ಕದ ಮಾಳಿಗೆಯಲ್ಲಿ ಚಾಚಿಯ ಮೊರದ ಸದ್ದು ನಿಂತಿತು. ಅವರು ಬೇವಿನ ಕಡೆ ತಿರುಗಿ ಕಿವಿಗೊಟ್ಟರು. ಹಕ್ಕಿ ಮತ್ತೊಮ್ಮೆ "ಟಕ್" ಎಂದಿತು. ಚಾಚಿ ಮೊರ ಕೆಳಗಿಟ್ಟು, ಮೊಣಕಾಲು ಹಿಡಿದುಕೊಂಡು ಎದ್ದು, ನೆಟ್ಟಗೆ ನಿಂತರು.

"ಜೊಂಡು ಉಲಿಯಕ್ಕಿ," ಎಂದು ಓಣಿಗೆಲ್ಲ ಕೇಳುವಂತೆ ಕೂಗಿದರು.